ಬಿರುಕಿನ ಕಡೆಗೆ ದಾರಿಯಿಲ್ಲ

ನಮ್ಮ ಮನೆಯ ಹಿಂದಿನ ಗುಡ್ಡ ಜರಿದದ್ದು ಹಾಡಹಗಲು. ಮಳೆಗಾಲ ಮುಗಿಯುತ್ತ ಬಂದಿತ್ತು. ನಾನು ಹಿತ್ತಲಿನಲ್ಲಿ ಅತಿಥಿಗಳ ಚಾದರ ಹಿಂಡಿ ಒಣಹಾಕುತ್ತಿದ್ದೆ. ಮೊದಲು ಸದ್ದು ಬಂತು. ಟಿಪ್ಪರಿನಿಂದ ಜಲ್ಲಿ ಸುರಿದಂಥ ಸದ್ದು, ಆದರೆ ಅದು ನಿಲ್ಲಲೇ ಇಲ್ಲ. ತಲೆಯೆತ್ತಿ ನೋಡಿದರೆ ಗುಡ್ಡದ ಅರ್ಧದಲ್ಲಿದ್ದ ಮತ್ತಿಮರಗಳು ನಿಂತ ನಿಲುವಿನಲ್ಲೇ ಕೆಳಗಿಳಿದು ಬರುತ್ತಿದ್ದವು. ಒಂದೂ ವಾಲಿರಲಿಲ್ಲ. ಹಳ್ಳದ ತನಕ ಬಂದು ನಿಂತು, ಆಮೇಲೆ ಒಂದರ ಮೇಲೊಂದು ಬಿದ್ದವು.

ಯಾರಿಗೂ ಏನೂ ಆಗಲಿಲ್ಲ. ಮರುದಿನ ಊರಿನ ಗಂಡಸರು ಹತ್ತಿ ನೋಡಿ ಬಂದರು. ಮಣ್ಣು ಜರಿದ ಜಾಗದ ಮೇಲ್ಭಾಗದಲ್ಲಿ ಗುಡ್ಡ ಉದ್ದಕ್ಕೆ ಬಾಯಿ ತೆರೆದಿತ್ತಂತೆ. ಮನುಷ್ಯ ಸಲೀಸಾಗಿ ಒಳಗೆ ಬೀಳುವಷ್ಟು ಅಗಲ. ಕಲ್ಲು ಹಾಕಿದರೆ ತಳ ಮುಟ್ಟಿದ ಸದ್ದು ಕೇಳಲಿಲ್ಲವಂತೆ.

ನಾವಿರುವುದು ಜೋಯಿಡಾ ತಾಲೂಕಿನಲ್ಲಿ, ಗಣೇಶಗುಡಿಯಿಂದ ಒಳಕ್ಕೆ, ಕಾಡಂಚಿನ ಒಂದು ಸಣ್ಣ ಊರಿನಲ್ಲಿ. ನಾನು ಹಳಿಯಾಳದ ಕಡೆಯವಳು, ಮದುವೆಯಾಗಿ ಇಲ್ಲಿಗೆ ಬಂದವಳು. ನಾವು ಸಿದ್ದಿಗಳು. ಮನೆಯಲ್ಲಿ ಆಡುವುದು ಮರಾಠಿ, ಕನ್ನಡ ಎರಡೂ ಬೆರೆತ ಕೊಂಕಣಿ. ಅದರಲ್ಲಿ ಗಂಡನಿಗೂ ‘ತೂ’ ಎಂದೇ ಅನ್ನುವುದು. ಹಾಗಾಗಿ ಇಲ್ಲಿಯೂ ಅವನನ್ನು ಅವನು ಎಂದೇ ಬರೆಯುತ್ತೇನೆ. ಅವನು ಕಾಳಿ ನದಿಯಲ್ಲಿ ರಾಫ್ಟ್ ನಡೆಸುತ್ತಿದ್ದ. ಭುಜದ ಕೀಲು ತಪ್ಪಿ ಸರಿಯಾಗಿ ಕೂಡದೆ ಹೋದಾಗ ರಾಫ್ಟ್ ಬಿಟ್ಟು ಜೀಪು ಹಿಡಿದ. ಮನೆಯ ಪಕ್ಕಕ್ಕೆ ಕೋಣೆಗಳನ್ನು ಕಟ್ಟಿ ಹೋಮ್‌ಸ್ಟೇ ಮಾಡಿದೆವು. ಅಡುಗೆ ನನ್ನದು. ಅತ್ತೆಯನ್ನು ನಾನು ಆಯಿ ಅನ್ನುತ್ತೇನೆ. ಅವರು ನಮ್ಮ ಜೊತೆಗೇ ಇದ್ದಾರೆ. ಮನೆಗೂ ಗುಡ್ಡಕ್ಕೂ ನಡುವೆ ಇರುವ ಭತ್ತದ ಗದ್ದೆಯ ಪಟ್ಟಾ ಅವರ ಹೆಸರಿನಲ್ಲಿದೆ. ಅದಕ್ಕಾಗಿ ಅವರು ಎಷ್ಟು ವರ್ಷ ಕಚೇರಿಗಳ ಮೆಟ್ಟಿಲು ಹತ್ತಿದರೆಂಬುದು ಬೇರೆಯೇ ಕಥೆ.

ಗುಡ್ಡ ಜರಿದ ಕೆಲವು ದಿನಗಳಿಗೆ ಭೂವಿಜ್ಞಾನದ ಮೇಡಂ ಒಬ್ಬರು ಬಂದರು. ಮೈಸೂರು ಕಡೆಯವರು. ನಮ್ಮ ಮನೆಯಲ್ಲೇ ಉಳಿದುಕೊಂಡು ಗುಡ್ಡ ಹತ್ತಿಳಿದರು. ಬಿರುಕಿನ ಆಚೆ ಈಚೆ ಗೂಟ ನೆಟ್ಟು, ನಡುವೆ ಒಂದು ನೈಲಾನ್ ಹುರಿಯನ್ನು ಜೋಲುವಂತೆ ಕಟ್ಟಿ, ನನ್ನನ್ನು ಕರೆದು ತೋರಿಸಿದರು.

“ಈ ಹುರಿ ಬಿಗಿಯಾಗ್ತಾ ಬಂದ್ರೆ ನನಗೆ ಫೋನ್ ಮಾಡಿ. ಗುಡ್ಡ ಇನ್ನೂ ಕೂತಿಲ್ಲಮ್ಮ. ಅರ್ಧ ಜರಿದಿದೆ. ಇನ್ನರ್ಧ ಯೋಚನೆ ಮಾಡ್ತಾ ಇದೆ.”

“ಯಾವಾಗ ಬೀಳತೈತ್ರಿ?”

“ಅದನ್ನ ಹೇಳೋಕಾಗಲ್ಲ. ನಾಳೆ ಬೀಳಬಹುದು, ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಬೀಳಬಹುದು. ಹತ್ತಿರ ಯಾರನ್ನೂ ಬಿಡಬೇಡಿ. ಅಷ್ಟು ಮಾತ್ರ ಖಂಡಿತವಾಗಿ ಹೇಳ್ತೀನಿ.”

ನಾನು ಹೂಂ ಎಂದೆ. ಆ ಮಳೆಗಾಲದಲ್ಲಿ ಅದು ಕಷ್ಟದ ಮಾತಾಗಿರಲಿಲ್ಲ. ಕೆಸರು, ಉಂಬಳ ದಾಟಿ ಅಲ್ಲಿಗೆ ಹೋಗುವವರಾದರೂ ಯಾರು?

ದೀಪಾವಳಿ ಕಳೆದು ಚಳಿ ಬಿತ್ತು. ಒಂದು ಬೆಳಿಗ್ಗೆ ಸ್ನಾನದ ಹಂಡೆಗೆ ಒಲೆ ಹೊತ್ತಿಸುತ್ತಿದ್ದಾಗ ಆಯಿ ಅಂಗಳದಿಂದ ಕೂಗಿದರು. ಗುಡ್ಡದ ಬಿರುಕಿನುದ್ದಕ್ಕೂ ಬೆಳ್ಳನೆಯ ಹೊಗೆ ಏಳುತ್ತಿತ್ತು. ಗಾಳಿಯಿಲ್ಲದ್ದರಿಂದ ಅದು ನೆಟ್ಟಗೆ ಮೇಲೇರಿ, ಮರಗಳ ತಲೆಯ ಮೇಲೆ ಹರಡಿ ನಿಂತಿತ್ತು.

“ಗುಡ್ಡ ಉಸರ ಬಿಡಾಕ ಹತ್ತೇತಿ” ಎಂದರು ಆಯಿ.

ನಾನು ಮೇಡಂಗೆ ಫೋನ್ ಮಾಡಿದೆ. ಅವರು ನಕ್ಕರು. ಅದು ಹೊಗೆಯಲ್ಲ, ಹಬೆ. ಗುಡ್ಡದ ಒಳಗೆ ಪೊಳ್ಳುಗಳಿವೆ, ಅಲ್ಲಿಯ ಗಾಳಿ ಬೆಚ್ಚಗೆ, ಒದ್ದೆಯಾಗಿ ಇರುತ್ತದೆ, ಹೊರಗಿನ ಚಳಿ ತಾಗಿದಾಗ ನಮ್ಮ ಬಾಯಿಂದ ಬರುವ ಹಬೆಯಂತೆಯೇ ಕಾಣುತ್ತದೆ, ಕೆಳಗೆ ಬೆಂಕಿ ಗಿಂಕಿ ಏನೂ ಇಲ್ಲ ಎಂದರು. ಆಯಿ ಹೇಳಿದ್ದನ್ನೇ ಅವರೂ ಹೇಳಿದಂತಾಯಿತು. ನಾನು ನಿಶ್ಚಿಂತೆಯಿಂದ ರೊಟ್ಟಿ ತಟ್ಟಲು ಕುಳಿತೆ.

ಆದರೆ ಆ ದಿನ ನಮ್ಮಲ್ಲಿ ಉಳಿದಿದ್ದ ಪುಣೆಯ ಅತಿಥಿಯೊಬ್ಬ ಅದನ್ನು ಮೊಬೈಲಿನಲ್ಲಿ ಹಿಡಿದಿದ್ದ. ದಾಂಡೇಲಿ ಹತ್ತಿರ ಜ್ವಾಲಾಮುಖಿ ಎಂದು ಹೆಸರಿಟ್ಟು, ಎದೆ ನಡುಗಿಸುವ ಸಂಗೀತ ಸೇರಿಸಿ ಹರಿಬಿಟ್ಟ. ಆ ಶನಿವಾರದಿಂದ ನಮ್ಮ ಊರು ನಮ್ಮ ಕೈಬಿಟ್ಟು ಹೋಯಿತು.

ಹುಬ್ಬಳ್ಳಿಯಿಂದ, ಬೆಳಗಾವಿಯಿಂದ, ಅನಮೋಡದ ಘಾಟಿ ಹತ್ತಿ ಗೋವೆಯಿಂದ ಕಾರುಗಳು ಬಂದವು. ಕೊಯ್ಲಾದ ಗದ್ದೆಯಲ್ಲಿ ಚಕ್ರದ ದಾರಿ ಬಿತ್ತು. ಒಂದು ಕುಟುಂಬದವರು ಟ್ರೇ ತುಂಬ ಕೋಳಿಮೊಟ್ಟೆ ತಂದಿದ್ದರು. ಬಿರುಕಿನ ಹಬೆಯಲ್ಲಿ ಬೇಯಿಸಿ ತಿನ್ನಬೇಕಂತೆ. ಬೇಯದೆ ಇದ್ದಾಗ ಅಲ್ಲೇ ಒಡೆದು ಎಸೆದು ಹೋದರು. ಮತ್ತೊಬ್ಬರು ತೆಂಗಿನಕಾಯಿ ಒಡೆದು ಕರ್ಪೂರ ಹಚ್ಚಿದರು. ಮರುವಾರಕ್ಕೆ ಅಲ್ಲೊಂದು ಕಲ್ಲಿಗೆ ಕುಂಕುಮ ಬಂದಿತ್ತು. ಬೆಂಗಳೂರಿನ ಹೆಂಗಸೊಬ್ಬಳು ನನ್ನ ಮುಖವನ್ನೇ ನೋಡುತ್ತ ಕೇಳಿದಳು: “ನೀವು ಆಫ್ರಿಕಾದವರಾ? ಅಲ್ಲಿ ತುಂಬಾ ಜ್ವಾಲಾಮುಖಿ ಇರುತ್ತಲ್ವಾ, ಅದಕ್ಕೇ ನಿಮಗೆ ಭಯ ಆಗ್ತಿಲ್ಲ.”

“ನಾ ಹಳಿಯಾಳದಾಕಿ ರೀ” ಎಂದೆ. “ಅಲ್ಲಿರೂದು ಕಬ್ಬು, ಗೋವಿನಜೋಳ. ಮತ್ತ ಇದು ಜ್ವಾಲಾಮುಖಿ ಅಲ್ಲ.”

“ಹೌದಾ?” ಎಂದು ಅವಳು ನನ್ನ ಜೊತೆ ಫೋಟೋ ತೆಗೆಸಿಕೊಂಡು ಬಿರುಕಿನ ಕಡೆಗೇ ಹೋದಳು.

ಇದಕ್ಕೆಲ್ಲ ಒಂದು ವ್ಯವಸ್ಥೆ ತಂದವನು ದಾಂಡೇಲಿಯ ಒಬ್ಬ ಏಜೆಂಟ. ಹೋಮ್‌ಸ್ಟೇಗಳಿಗೆ ಅತಿಥಿಗಳನ್ನು ಕಳಿಸುವವನೇ ಅವನು, ನಮಗೂ ಅವನಿಂದಲೇ ಜನ ಬರುತ್ತಿದ್ದುದು. ಬಿರುಕಿನ ಅಂಚಿನಲ್ಲಿ ಬಿದಿರಿನ ಅಟ್ಟಣೆ ಕಟ್ಟಿಸಿ, ಅದಕ್ಕೆ ‘ವಾಲ್ಕೆನೋ ಪಾಯಿಂಟ್’ ಎಂದು ಬೋರ್ಡು ಹಾಕಿಸಿದ. ಜೀಪಿನವರಿಗೆಲ್ಲ ಪಾಳಿ ಹಚ್ಚಿಕೊಟ್ಟ. ನನ್ನ ಗಂಡನಿಗೆ ಮೊದಲ ಪಾಳಿ.

ನಾನು ಏಜೆಂಟನನ್ನು ಅಂಗಳದಲ್ಲಿ ತಡೆದು ಮೇಡಂ ಹೇಳಿದ್ದನ್ನು ಹೇಳಿದೆ. ಹುರಿಯ ವಿಷಯವನ್ನೂ ಹೇಳಿದೆ.

“ಅಕ್ಕಾ, ಬಿದ್ದಾಗ ನೋಡೂಣು” ಎಂದ ಅವನು, ಚಹಾದ ಕಪ್ಪು ಕೆಳಗಿಡುತ್ತ. “ಇಷ್ಟ ವರ್ಷ ಈ ಗುಡ್ಡಾ ನಿಮಗ ಏನ ಕೊಟ್ಟಿತ್ತು? ಈಗ ಕೊಡಾಕ ಹತ್ತೇತಿ. ಸುಮ್ಮನ ತಗೋರಿ.”

ಅರಣ್ಯದ ಗಾರ್ಡನನ್ನು ಕೇಳಿದೆ. ಪಾಪ, ಅವನು ಕೈ ಚೆಲ್ಲಿದ. “ಬಿರುಕು ಇರೂದು ಕಂದಾಯದ ಜಾಗಾದಾಗ. ಕಾಡು ಶುರು ಆಗೂದು ಅದರ ಮ್ಯಾಲಿಂದ. ನಾ ಯಾವ ಕಲಂ ಹಾಕ್ಲಿ ಅಕ್ಕಾ?”

ಗುಡ್ಡ ಒಂದೇ. ಆದರೆ ಕಾಗದದಲ್ಲಿ ಅದನ್ನು ಎರಡು ಮಾಡಿ, ನಡುವಿನ ಬಿರುಕನ್ನು ಯಾರಿಗೂ ಕೊಡದೆ ಬಿಟ್ಟಿದ್ದರು.

ಚಳಿಗಾಲದ ನಡುವೆ ಒಂದು ಸಂಜೆ ಗೋವೆಯ ಕಡೆಯಿಂದ ಮೋಡ ಬಂದು ಅಕಾಲದ ಮಳೆ ಹೊಯ್ದಿತು. ಬೆಳಿಗ್ಗೆ ನನಗೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಅತಿಥಿಗಳಿಗೆ ನಾಷ್ಟಾ ಬಡಿಸಿ, ಹುರಿ ನೋಡಿ ಬರೋಣ ಎಂದು ಗುಡ್ಡ ಹತ್ತಿದೆ. ಹುರಿ ಹರಿದಿತ್ತು. ಎರಡೂ ತುಂಡುಗಳು ತಮ್ಮ ತಮ್ಮ ಗೂಟದ ಕಾಲಬಳಿ ಬಿದ್ದಿದ್ದವು. ಯಾರಾದರೂ ಕೊಯ್ದಿರಬಹುದೇ ಎಂದು ಬಗ್ಗಿ ನೋಡಿದೆ. ಇಲ್ಲ, ಎಳೆಗಳು ಜಗ್ಗಿ ಜಗ್ಗಿ ಹರಿದಿದ್ದವು. ಗೂಟಗಳೂ ವಾಲಿದ್ದವು. ಅಟ್ಟಣೆಯ ಮೇಲೆ ಕಾಲೇಜು ಹುಡುಗರ ಒಂದು ಗುಂಪು ನಿಂತಿತ್ತು. ‘ಇಳೀರಿ’ ಎಂದು ಕೂಗಲು ಬಾಯಿ ತೆರೆದೆ. ಅಷ್ಟರಲ್ಲಿ ಅವರಲ್ಲೇ ಯಾರೋ ಕಿರುಚಿದರು.

ಒಬ್ಬ ಹುಡುಗ ಸೆಲ್ಫಿಗೆಂದು ಅಟ್ಟಣೆ ಬಿಟ್ಟು ಅಂಚಿಗೆ ಹೋಗಿದ್ದ. ಕಾಲಕೆಳಗಿನ ಮಣ್ಣು ಅವನನ್ನು ಹೊತ್ತುಕೊಂಡೇ ಜಾರಿತು. ಬಿರುಕಿನ ಒಳಗೆ ಬೀಳಲಿಲ್ಲ, ಅದೃಷ್ಟ. ಕೆಳಗಿನ ಸಡಿಲ ಕೆಮ್ಮಣ್ಣಿನಲ್ಲಿ ಎದೆಯ ತನಕ ಹೂತು ನಿಂತ. ಅಲ್ಲಾಡಿದಷ್ಟೂ ಒಳಗಿಳಿಯುತ್ತಿದ್ದ.

ಜೀಪಿನ ಬಳಿಯಿದ್ದ ನನ್ನ ಗಂಡ ಓಡಿ ಬಂದ. ರಾಫ್ಟಿನ ಕಾಲದ ಹಗ್ಗದ ಚೀಲವನ್ನು ಅವನು ಜೀಪಿನಿಂದ ಎಂದೂ ತೆಗೆದಿರಲಿಲ್ಲ. “ಅಲ್ಲಾಡಬ್ಯಾಡ! ಕೈ ಅಗಲ ಮಾಡು! ನನ್ನ ಕಡೆ ನೋಡು, ಕೆಳಗ ನೋಡಬ್ಯಾಡ!” ಎಂದು ಕೂಗುತ್ತಲೇ ಅಟ್ಟಣೆಯ ಬಿದಿರಿನ ತಟ್ಟಿಯೊಂದನ್ನು ಕಿತ್ತು ಮಣ್ಣಿನ ಮೇಲೆ ಹಾಸಿ, ಅದರ ಮೇಲೆ ಹೊಟ್ಟೆಯಡಿಯಾಗಿ ಮಲಗಿ ಹಗ್ಗ ಎಸೆದ. ಎಳೆಯಲು ಅವನ ಭುಜಕ್ಕೆ ತ್ರಾಣವಿರಲಿಲ್ಲ. ಹಗ್ಗದ ಈ ತುದಿಯನ್ನು ಮರಕ್ಕೆ ಸುತ್ತಿ ನಾನೂ, ಕಿರುಚಾಟ ಕೇಳಿ ಮೇಲಿನ ಕಾಡಿನಿಂದ ಓಡಿಬಂದ ಗಾರ್ಡನೂ ಎಳೆದೆವು. ಉಳಿದ ಹುಡುಗರಲ್ಲಿ ಇಬ್ಬರು ಕೈ ಹಚ್ಚಿದರು. ಮಿಕ್ಕವರು ವಿಡಿಯೋ ಮಾಡುತ್ತಿದ್ದರು.

ಮೇಲೆ ಬಂದ ಹುಡುಗ ಸ್ವಲ್ಪ ಹೊತ್ತು ಕೆಮ್ಮಿದ. ಆಮೇಲೆ ಕಣ್ಣಿನ ಮಣ್ಣು ಒರೆಸಿಕೊಂಡು, “ನನ್ನ ಮೊಬೈಲ್ ಎಲ್ಲಿ?” ಎಂದ.

ನನಗೆ ಸಿಟ್ಟು ಬರಲಿಲ್ಲ. ಬೆಳೆದ ಹುಡುಗನಿಗೆ ಸಾವು ಕಾಲು ಹಿಡಿದು ಎಳೆದದ್ದೂ ತಿಳಿಯದಿದ್ದರೆ, ಅವನಿಗೆ ತಿಳಿಸಿ ಹೇಳಿ ಉಪಯೋಗವಿಲ್ಲ. ಅವನನ್ನು ಅಲ್ಲಿಗೆ ಹೋಗಲು ಬಿಡಬಾರದು, ಅಷ್ಟೇ.

ಹುರಿ ಹರಿದದ್ದನ್ನು ಮೇಡಂಗೆ ಫೋನ್ ಮಾಡಿ ತಿಳಿಸಿದೆ. ಸಂಜೆ ಊಟಕ್ಕೆ ಕುಳಿತಾಗ ಗಂಡನಿಗೆ ಹೇಳಿದೆ, ನಾಳೆಯಿಂದ ಜೀಪು ಗುಡ್ಡಕ್ಕೆ ಹೋಗಬಾರದು ಎಂದು.

“ಇವತ್ತ ಉಳದಾನಲ್ಲ” ಎಂದ. “ಹಗ್ಗಾ ಐತಿ, ನಾ ಇದ್ದೇನಿ. ನದ್ಯಾಗ ಎಷ್ಟ ಮಂದೀನ್ನ ತಗದಿಲ್ಲ ನಾ?”

“ನದೀಗೆ ಹಗ್ಗಾ ಒಗದ್ರ ನೀರು ಆಳನ್ನ ಮ್ಯಾಲ ತರತೈತಿ. ಮಣ್ಣು ತರೂದಿಲ್ಲ. ಹುರಿ ಹರದಿದ್ದು ನಾ ನೋಡೇನಿ.”

“ನಾ ಬಿಟ್ರ ಇನ್ನೊಬ್ಬ ಒಯ್ತಾನ. ನಮ್ಮ ಜೀಪು ಅಂಗಳದಾಗ ನಿಂತ್ರ ಗುಡ್ಡಾ ನಿಲ್ಲತೈತೇನು?”

ಮಾತು ಬೆಳೆಯಿತು. ಅಷ್ಟು ಹೊತ್ತು ಅನ್ನಕ್ಕೆ ಮೀನಿನ ಸಾರು ಕಲೆಸುತ್ತಿದ್ದ ಆಯಿ ತಲೆಯೆತ್ತಿದರು.

“ದಾರಿ ಯಾರ ಗದ್ದ್ಯಾಗ ಹಾದು ಹೋಗತೈತಿ?”

ಗಂಡ ತಾಯಿಯ ಕಡೆ ತಿರುಗಿದ.

“ನನ್ನ ಗದ್ದಿ. ನಾಳೆಯಿಂದ ಯಾರೂ ಹಾಯೂದು ಬ್ಯಾಡ. ನಿನ್ನ ಜೀಪೂ ಬ್ಯಾಡ” ಎಂದು ಮಗನಿಗೆ ಹೇಳಿ, ಇನ್ನಷ್ಟು ಸಾರು ಹಾಕಿಸಿಕೊಂಡರು.

ಬೆಳಕು ಹರಿಯುತ್ತಲೇ ಆಯಿಯೂ ನಾನೂ ಕತ್ತಿ ಹಿಡಿದು ಹೊರಟೆವು. ಬಿದಿರಿನ ಮುಳ್ಳು ಕಡಿದು ತಂದು ಗದ್ದೆಯ ಬಾಯಿಗೆ ಅಡ್ಡಲಾಗಿ ಬೇಲಿ ಹಾಕಿದೆವು. ನೆರೆಯ ಕುಣಬಿ ಸಮುದಾಯದ ಮನೆಗಳ ಹೆಂಗಸರು ಯಾಕೆಂದು ಕೇಳಿದರು. ಹೇಳಿದೆ. ಅವರ ಮನೆಗಳೂ ಅದೇ ಗುಡ್ಡದ ಕೆಳಗಿದ್ದವು. ಒಬ್ಬೊಬ್ಬರಾಗಿ ಅವರೂ ಬಂದು ಬೇಲಿಯ ಮುಂದೆ ಕುಳಿತರು. ತರಕಾರಿ ಹೆಚ್ಚುವ ಈಳಿಗೆಮಣೆಯನ್ನೂ ಅಲ್ಲಿಗೇ ತಂದುಕೊಂಡರು.

ಹುಡುಗನನ್ನು ಎಳೆದ ವಿಡಿಯೋ ಆಗಲೇ ಊರೂರು ಸುತ್ತಿತ್ತು. ಅದನ್ನು ನೋಡಿದ ಜನ ಹೆದರಿ ನಿಲ್ಲುತ್ತಾರೆ ಎಂದುಕೊಂಡಿದ್ದೆ. ಉಲ್ಟಾ ಆಯಿತು. ಮನುಷ್ಯನನ್ನು ನುಂಗುವ ಗುಡ್ಡ ಎಂದು ಇನ್ನಷ್ಟು ಜನ ಬಂದರು. ಗದ್ದೆಯ ಬಾಯಲ್ಲಿ ಕಾರುಗಳು ಸಾಲುಗಟ್ಟಿ ಹಾರ್ನ್ ಹಾಕಿದವು. ಏಜೆಂಟ ಮೋಟಾರ್ ಸೈಕಲ್ಲಿನಲ್ಲಿ ಹಾರಿಕೊಂಡು ಬಂದ.

“ಅಕ್ಕಾ, ಬೇಲಿ ತಗೀರಿ. ಮಂದಿ ಅಡ್ವಾನ್ಸ್ ಕೊಟ್ಟ ಬಂದಾರ.”

“ಗುಡ್ಡಕ್ಕ ಕೊಟ್ಟಾರೇನು?”

“ನಿಮ್ಮ ಮನಿಗೆ ಇನ್ನ ಒಬ್ಬ ಅತಿಥಿ ಬರೂದಿಲ್ಲ, ನೆನಪಿಟ್ಕೋರಿ.”

“ಬರೂದು ಬ್ಯಾಡ.”

ಒಂದು ದೊಡ್ಡ ಬಿಳಿ ಕಾರಿನಿಂದ ಬಿಳಿ ಅಂಗಿಯ ಆಸಾಮಿಯೊಬ್ಬರು ಇಳಿದರು. ಕೈಯಲ್ಲಿ ಎರಡು ಫೋನು. ನನ್ನನ್ನು ಕೆಳಗಿನಿಂದ ಮೇಲಿನ ತನಕ ನೋಡಿ, “ನಾನು ಯಾರಂತ ಗೊತ್ತೇನು ನಿನಗ?” ಎಂದರು.

“ಇಲ್ರಿ” ಎಂದೆ. “ಗುಡ್ಡಕ್ಕೂ ಗೊತ್ತಿಲ್ಲ.”

ಹಿಂದೆ ಕುಳಿತಿದ್ದ ಹೆಂಗಸರು ನಕ್ಕುಬಿಟ್ಟರು. ಬಿಳಿ ಅಂಗಿಯವರ ಮುಖ ಕೆಂಪಾಯಿತು. ಯಾರಿಗೋ ಫೋನ್ ಹಚ್ಚಿದರು. ಆಯಿ ಎದ್ದು ಅವರ ಎದುರಿಗೆ ಹೋಗಿ ನಿಂತು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಪಟ್ಟಾದ ಜೆರಾಕ್ಸ್ ಬಿಚ್ಚಿ ಹಿಡಿದರು. ಅದನ್ನು ಅವರು ಓದಿದರೋ ಇಲ್ಲವೋ ಗೊತ್ತಿಲ್ಲ. ಕಾರು ಹಿಂದಕ್ಕೆ ಹೋಯಿತು. ಹಿಂದಿನ ಕಾರುಗಳೂ ತಿರುಗಿದವು.

ಏಜೆಂಟ ಮಾತು ಉಳಿಸಿಕೊಂಡ. ಹೋಮ್‌ಸ್ಟೇ ಖಾಲಿಯಾಯಿತು. ಗಣೇಶಗುಡಿಯ ಅಂಗಡಿಯಲ್ಲಿ ನನ್ನನ್ನು ಕಂಡರೆ ಜೀಪಿನವರು ಮುಖ ತಿರುಗಿಸುತ್ತಿದ್ದರು. ಊರಿನ ಹೊಟ್ಟೆಗೆ ಹೊಡೆದವಳು ಎಂದು ಒಬ್ಬ ನನಗೆ ಕೇಳಿಸುವಂತೆಯೇ ಹೇಳಿದ. ಎರಡು ಸಲ ಬೆಳಗಾಗೆದ್ದು ನೋಡಿದಾಗ ಬೇಲಿ ಕಡಿದು ಬಿಸಾಡಿದ್ದರು. ಎರಡು ಸಲವೂ ಮತ್ತೆ ಹಾಕಿದೆವು. ಎರಡನೆಯ ಸಲ ಇನ್ನೂ ದಪ್ಪಗೆ.

ಗಂಡ ಮನೆಯಲ್ಲಿ ಮಾತು ಬಿಟ್ಟಿದ್ದ. ದಾಂಡೇಲಿಗೆ ಹೋಗಿ ಅಲ್ಲೇ ಯಾವುದೋ ರಿಸಾರ್ಟಿನ ಟ್ರಿಪ್ಪು ಹೊಡೆಯುತ್ತ, ವಾರಕ್ಕೊಮ್ಮೆ ಬಂದು ತಾಯಿಯನ್ನು ಮಾತಾಡಿಸಿ ಹೋಗುತ್ತಿದ್ದ. ನನಗೆ ದುಃಖವಾಗಲಿಲ್ಲವೆಂದರೆ ಸುಳ್ಳಾದೀತು. ಖಾಲಿ ಕೋಣೆಗಳ ಕಸ ಗುಡಿಸುವಾಗ ಯಾಕಾಗಿ ಇಷ್ಟೆಲ್ಲ ಅನ್ನಿಸುತ್ತಿತ್ತು. ಆದರೆ ಗೂಟದ ಕಾಲಬಳಿ ಬಿದ್ದಿದ್ದ ಆ ಹುರಿ ಕಣ್ಣಿಗೆ ಬಂದೊಡನೆ ಪೊರಕೆ ಗಟ್ಟಿಯಾಗಿ ಹಿಡಿಯುತ್ತಿದ್ದೆ.

ಒಂದು ಮಧ್ಯಾಹ್ನ ಅವನ ಜೀಪು ಬಂದು ಅಂಗಳದಲ್ಲಿ ನಿಂತಿತು. ಇಳಿದವನೇ ಒಳಗೆ ಬಾರದೆ, ಗೋಡೆಗೆ ಸಿಕ್ಕಿಸಿದ್ದ ಕತ್ತಿ ತೆಗೆದುಕೊಂಡು ಬೇಲಿಯ ಕಡೆಗೆ ಹೋದ. ತೆಳ್ಳಗಾಗಿದ್ದ ಕಡೆ ಹೊಸ ಮುಳ್ಳು ಸೇರಿಸತೊಡಗಿದ. ನಾನು ನೀರು ಒಯ್ದು ಕೊಟ್ಟೆ. ಗಟಗಟ ಕುಡಿದ.

“ಗುಡ್ಡದ ಹಿಂದಿನಿಂದ ಇನ್ನೊಂದ ದಾರಿ ಕಡಸ್ಯಾನ” ಎಂದ. ಏಜೆಂಟನ ಮಾತು. “ಇವತ್ತ ಸಾಲಿ ಹುಡುಗೂರ್ನ ತುಂಬಿದ ನನ್ನ ಜೀಪಿನ್ಯಾಗ. ಸಣ್ಣ ಸಣ್ಣ ಹುಡುಗೂರು. ಹೆಲ್ಮೆಟ್ ಕೊಡು ಅಂದೆ. ನಕ್ಕ. ಗುಡ್ಡಾ ನೋಡಾಕ ಹೆಲ್ಮೆಟ್ ಯಾಕಲೇ ಅಂದ.”

“ಮತ್ತ?”

“ಜೀಪು ದಾರಿಗೆ ಅಡ್ಡ ನಿಲ್ಲಿಸಿ ಕೀಲಿ ಕಿಸೇದಾಗ ಹಾಕ್ಕೊಂಡೆ. ಹಿಂದ ಬಂದ ಜೀಪೂ ಅಲ್ಲೇ ನಿಂತ್ವು. ಮಾಸ್ತರ್ರು ಬಂದು ಕೇಳಿದ್ರು, ಹೇಳಿದೆ. ಅವರೇ ಮಕ್ಕಳನ್ನ ವಾಪಸ್ ಕರಕೊಂಡ ಹೋದ್ರು.” ಇನ್ನೊಂದು ಮುಳ್ಳಿನ ಕೊಂಬೆ ಎಳೆದ. “ಇನ್ನ ದಾಂಡೇಲ್ಯಾಗ ನನಗ ಯಾರೂ ಟ್ರಿಪ್ಪು ಕೊಡೂದಿಲ್ಲ.”

ಅವನ ಪಕ್ಕಕ್ಕೆ ನಿಂತು ನಾನೂ ಕೊಂಬೆ ಹಿಡಿದೆ.

ಬರೀ ಬೇಲಿ ಹಾಕಿಕೊಂಡು ಕುಳಿತರೆ ಹತ್ತು ಕಡೆಯಿಂದ ದಾರಿ ಕಡಿಯುತ್ತಾರೆ ಎಂದದ್ದು ಅವನೇ. ಹಳ್ಳದ ಆಚೆ, ನಮ್ಮ ಗುಡ್ಡಕ್ಕೆ ಎದುರಾಗಿ, ಬಂಡೆಗಲ್ಲಿನ ಒಂದು ದಿಬ್ಬವಿದೆ. ಬೆಳಿಗ್ಗೆ ಅಲ್ಲಿ ನಿಂತರೆ ಬಿರುಕು ಉದ್ದಕ್ಕೂ ಕಾಣುತ್ತದೆ. ಹಬೆ ಏಳುವುದು, ಬಿಸಿಲು ತಾಗಿದಂತೆ ಕರಗುವುದು ಎಲ್ಲ ಕಾಣುತ್ತದೆ. ಅಂಚಿನಲ್ಲಿ ನಿಂತವರಿಗೆ ಅದು ಕಾಣುವುದೇ ಇಲ್ಲ, ಬರೀ ಮೋಡದೊಳಗೆ ನಿಂತಂತೆ. ಮೇಡಂರನ್ನು ಕರೆಸಿ ದಿಬ್ಬವನ್ನು ತೋರಿಸಿದೆವು. ಅವರು ಸುತ್ತಾಡಿ, ಕಲ್ಲು ತಟ್ಟಿ, ಗುಡ್ಡ ಪೂರಾ ಜರಿದರೂ ಮಣ್ಣು ಇಲ್ಲಿಯ ತನಕ ಬಾರದು ಎಂದರು. ಕೆಳಗಿನ ಮನೆಗಳವರು ಮಳೆಗಾಲದಲ್ಲಿ ಎಲ್ಲಿಗೆ ಸರಿಯಬೇಕು ಎಂಬುದನ್ನೂ ಆಗಲೇ ಗೊತ್ತುಮಾಡಿದೆವು.

ಜೋಯಿಡಾದಲ್ಲಿ ಸಭೆ ಕರೆದರು. ಅಧಿಕಾರಿಗಳು, ಜೀಪಿನವರು, ರಿಸಾರ್ಟಿನವರು, ನಾವು. ಏಜೆಂಟ ಮೊದಲು ಮಾತಾಡಿದ. ಪ್ರವಾಸೋದ್ಯಮ ಬೆಳೆಯಬೇಕು, ಉದ್ಯೋಗ ಬರಬೇಕು ಎಂದ. ಚೆನ್ನಾಗಿಯೇ ಮಾತಾಡಿದ. ನನ್ನ ಸರದಿ ಬಂದಾಗ ಎದ್ದು ನಿಂತೆ. ಎದುರಿನ ಟೇಬಲ್ಲು ಹಿಡಿದುಕೊಂಡೆ.

“ನಮಗೂ ಉದ್ಯೋಗ ಬೇಕ್ರಿ” ಎಂದೆ. “ನಾವೂ ಅತಿಥಿಗಳಿಂದ ಉಣ್ಣೋರು. ಆದ್ರ ಡ್ಯಾಮಿನಿಂದ ನೀರು ಬಿಟ್ಟಾಗ ನದ್ಯಾಗ ರಾಫ್ಟ್ ಇಳಸ್ತೀರೇನು? ಜಾಕೆಟ್ ಇಲ್ಲದ ಒಬ್ಬನ್ನ ಕೂಡಸ್ತೀರೇನು? ಇಲ್ಲ. ನದೀಗೆ ಇರೋ ಕಾನೂನು ಗುಡ್ಡಕ್ಕ ಯಾಕಿಲ್ಲ? ದಿಬ್ಬದಿಂದ ತೋರಸೂಣು. ಸಣ್ಣ ಸಣ್ಣ ಗುಂಪು, ಅವರ ಜೋಡಿ ಊರಿನವ್ರು ಒಬ್ಬರು. ಮಳಿ ಬಂದ ದಿನಾ ಬಂದ್. ಮಳಿಗಾಲ ಪೂರಾ ಬಂದ್. ಆ ಅಟ್ಟಣಿ ಕೀಳೂಣು. ಮತ್ತ ಆ ಬೋರ್ಡು ತಗೀಬೇಕ್ರಿ. ಅದು ಜ್ವಾಲಾಮುಖಿ ಅಲ್ಲ ಅಂತ ಬಂದವರಿಗೆ ಮೊದಲ ಹೇಳಬೇಕು.”

“ಅಲ್ಲ ಅಂದ್ರ ಯಾವನ್ ಬರ್ತಾನ?” ಎಂದ ಏಜೆಂಟ. ಕೆಲವರು ನಕ್ಕರು.

“ಸುಳ್ಳು ಕೇಳಿ ಬರೋರು ಬರದಿದ್ರೂ ನಡಿತೈತಿ. ಖರೇ ಕೇಳಿ ಬರೋರು ಬರಲಿ. ಯಾರೂ ಬರಲಿಲ್ಲಂದ್ರೂ ನಾ ಬೇಲಿ ತಗ್ಯಾಂಗಿಲ್ಲ. ಇದನ್ನ ಬರಕೋರಿ.”

ಬರೆದುಕೊಂಡರೋ ಇಲ್ಲವೋ, ಮೇಡಂ ಕೊಟ್ಟ ವರದಿ ಮುಂದಿದ್ದುದರಿಂದ ಇಲ್ಲವೆನ್ನಲು ಆಗಲಿಲ್ಲ. ಅಧಿಕಾರಿಗಳಲ್ಲಿ ಹಿರಿಯ ಸಾಹೇಬರೊಬ್ಬರು ನಮ್ಮ ಪರವಾಗಿ ಮಾತಾಡಿ, ನಾನು ಹೇಳಿದ್ದನ್ನೇ ನಿಯಮ ಮಾಡಿ ಸಹಿ ಹಾಕಿದರು. ಅಟ್ಟಣೆ ಕಿತ್ತರು. ಹಿಂದಿನ ದಾರಿಗೆ ಕಂದಕ ತೋಡಿದರು. ಗಾರ್ಡನಿಗೂ ಒಂದು ಆದೇಶ ಸಿಕ್ಕಿತು. ಬಿರುಕು ಕೊನೆಗೂ ಯಾರದೋ ಜವಾಬ್ದಾರಿ ಆಯಿತು.

ಮುಂದಿನ ಚಳಿಗಾಲದಿಂದ ದಿಬ್ಬದ ಮೇಲೆ ಜನರನ್ನು ಕರೆದೊಯ್ಯುತ್ತಿದ್ದೇವೆ. ನನ್ನ ಗಂಡ ರಾಫ್ಟಿಗೆ ಮೊದಲು ಹೇಳುತ್ತಿದ್ದ ಸೂಚನೆಗಳ ಧಾಟಿಯಲ್ಲೇ ಇಲ್ಲಿಯೂ ಹೇಳುತ್ತಾನೆ. ಎಲ್ಲಿ ನಿಲ್ಲಬೇಕು, ಸೀಟಿ ಊದಿದರೆ ಯಾವ ಕಡೆ ನಡೆಯಬೇಕು, ಓಡಬಾರದು. ಕುಣಬಿ ಮನೆಯ ಇಬ್ಬರು ಹೆಂಗಸರೂ ಈಗ ಕರೆದೊಯ್ಯುತ್ತಾರೆ. ಬರುವವರು ಮೊದಲಿನಷ್ಟಿಲ್ಲ. ಅರ್ಧಕ್ಕರ್ಧವೂ ಇಲ್ಲ. ಬಂದವರಲ್ಲಿ ಕೆಲವರು ಸಿಟ್ಟಾಗುತ್ತಾರೆ. ‘ಮೋಸ, ಇಲ್ಲಿ ಜ್ವಾಲಾಮುಖಿಯೇ ಇಲ್ಲ, ದೂರದಿಂದ ಹಬೆ ತೋರಿಸಿ ಕಳಿಸುತ್ತಾರೆ’ ಎಂದು ಒಬ್ಬರು ಇಂಟರ್‌ನೆಟ್ಟಿನಲ್ಲಿ ಬರೆದರು. ಗಂಡ ಓದಿ ಹೇಳಿದಾಗ, ಸರಿಯಾಗಿಯೇ ಬರೆದಿದ್ದಾರೆ, ಹಾಗೇ ಇರಲಿ ಎಂದೆ.

ಗುಡ್ಡ ಇನ್ನೂ ಬಿದ್ದಿಲ್ಲ. ಅದಾದ ಮೇಲೆ ಎರಡು ಮಳೆಗಾಲ ಕಳೆದವು. ಎರಡರಲ್ಲೂ ಜೋರು ಮಳೆಯ ರಾತ್ರಿಗಳಲ್ಲಿ ನಾವು ಕೆಳಗಿನ ಮನೆಗಳನ್ನು ಬಿಟ್ಟು ಶಾಲೆಯಲ್ಲಿ ಮಲಗಿ ಬಂದೆವು. ಹೊಸ ಹುರಿಯೂ ಹರಿಯಿತು, ಮತ್ತೊಂದು ಕಟ್ಟಿದೆವು. ಆದರೆ ಗುಡ್ಡ ಬೀಳಲಿಲ್ಲ. ದಾಂಡೇಲಿಯ ಸಂತೆಯಲ್ಲಿ ಏಜೆಂಟ ಸಿಕ್ಕಾಗ ನಾಲ್ಕು ಜನರ ಎದುರು ಕೇಳಿದ:

“ಏನ ಅಕ್ಕಾ, ನಿಮ್ಮ ಗುಡ್ಡಾ ಇನ್ನೂ ನಿಂತೈತಲ್ಲ?”

“ನಿಂತಿರಲಿ” ಎಂದೆ. “ಅದು ಬೀಳಲಿ ಅಂತ ನಾ ಬೇಲಿ ಹಾಕಿಲ್ಲ.”

ಅವನಿಗೆ ಅರ್ಥವಾಯಿತೋ ಇಲ್ಲವೋ. ಗುಡ್ಡ ಬಿದ್ದರೆ ಮಾತ್ರ ನಾನು ಗೆದ್ದ ಹಾಗೆ ಎಂದು ಎಷ್ಟೋ ಜನ ತಿಳಿದಿದ್ದಾರೆ. ನನಗೆ ಅಂಥ ಗೆಲುವು ಬೇಡ. ಮೊಮ್ಮಕ್ಕಳ ಕಾಲದ ತನಕ ಅದು ನಿಂತು, ಅವರೆಲ್ಲ ಸೇರಿ ಅಜ್ಜಿ ಸುಮ್ಮನೆ ಹೆದರಿದಳು ಎಂದು ನಕ್ಕರೂ ನನಗೆ ಸಂತೋಷವೇ. ಆಗಲೂ ಬೇಲಿಯ ಒಳಗೆ ಬಿಡಬಾರದೆಂದು ಅವರಿಗೆ ಹೇಳಿಯೇ ಹೋಗುತ್ತೇನೆ.

ಈ ಸಲ ಮಳೆ ಹಿಡಿದ ಮೇಲೆ ಒಂದು ದಿನ, ಎಲ್ಲ ಬಂದ್ ಮಾಡಿ ಕುಳಿತಿದ್ದಾಗ, ಎರಡು ಕಾರುಗಳು ಅಂಗಳಕ್ಕೆ ಬಂದವು. ಜೋಯಿಡಾದ ಸಭೆಯಲ್ಲಿ ನಮ್ಮ ಪರವಾಗಿ ಮಾತಾಡಿದ್ದ ಹಿರಿಯ ಸಾಹೇಬರು ಇಳಿದರು. ಜೊತೆಗೆ ಅವರ ಬೀಗರು, ಮಕ್ಕಳು, ಮೊಮ್ಮಕ್ಕಳು.

“ಬಹಳ ದೂರದಿಂದ ಬಂದಿದ್ದಾರಮ್ಮ” ಎಂದರು ಸಾಹೇಬರು, ಛತ್ರಿ ಮಡಚುತ್ತ. “ಬಿರುಕಿನ ಹತ್ತಿರ ಬೇಡ. ದಿಬ್ಬಕ್ಕೆ ಮಾತ್ರ, ಹಿಂಗೆ ಹೋಗಿ ಹಂಗೆ ಬರ್ತಾರೆ. ನಾನೇ ಜೊತೆಗೆ ಇದ್ದೀನಲ್ಲ.”

ಅವರಿಗೆ ಇಲ್ಲವೆನ್ನುವುದು ಬಿಳಿ ಅಂಗಿಯವರಿಗೆ ಇಲ್ಲವೆಂದಷ್ಟು ಸುಲಭವಿರಲಿಲ್ಲ. ಅವರು ನಮಗೆ ಉಪಕಾರ ಮಾಡಿದವರು. ಅವರ ಮೊಮ್ಮಗಳು ಅಜ್ಜನ ಬೆರಳು ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದಳು. ಗಂಡ ಬಾಗಿಲಲ್ಲಿ ನಿಂತಿದ್ದ. ಆಯಿ ಒಳಗಿನಿಂದ ಕಿವಿಗೊಟ್ಟಿದ್ದರೆಂಬುದು ಪಾತ್ರೆಯ ಸದ್ದು ನಿಂತದ್ದರಿಂದಲೇ ತಿಳಿಯಿತು.

“ಮಳಿ ಐತ್ರಿ ಸಾಹೇಬ್ರ. ಇವತ್ತ ಬಂದ್” ಎಂದೆ.

“ನಾನೇ ಅಲ್ವೇನಮ್ಮ ಈ ನಿಯಮ ಮಾಡಿದ್ದು?”

“ಹೌದ್ರಿ. ಅದಕ್ಕ ನಿಮಗ ಮತ್ತೊಮ್ಮೆ ಹೇಳೂದು ಬ್ಯಾಡ ಅನಕೊಂಡಿದ್ದೆ.”

ಸಾಹೇಬರು ಕಾರುಗಳ ಕಡೆಗೊಮ್ಮೆ ತಿರುಗಿ ನೋಡಿದರು. ಬೀಗರ ಮುಂದೆ ಮುಖ ಹೋಯಿತು ಎನ್ನುವುದು ಕಾಣುತ್ತಿತ್ತು. ನಾನು ಹೊಸ್ತಿಲು ಬಿಟ್ಟು ಕದಲಲಿಲ್ಲ. ಕೊನೆಗೆ ಅವರು ಚಪ್ಪಲಿ ಕಳಚಿ, “ಊಟಕ್ಕಾದ್ರೂ ಏನಾದ್ರೂ ಇದೆಯಾ?” ಎಂದು ಕೇಳಿದರು.

“ಐತ್ರಿ. ಬರ್ರಿ, ಕುಂಡ್ರಿ” ಎಂದು ನಾನು ದಾರಿ ಬಿಟ್ಟೆ. ಒಳಗೆ ಆಯಿ ಆಗಲೇ ಅಕ್ಕಿ ಅಳೆದು ಮೊರಕ್ಕೆ ಹಾಕುತ್ತಿದ್ದರು.